ಓದುಗರ ಪ್ರಶ್ನೆ: ನ್ಯೂರೋಫೀಡ್‌ಬ್ಯಾಕ್‌ನಿಂದ ಚಟ ಬಿಡುತ್ತದೆಯೇ?

ತಲೆಗೆ ತಂತಿ ಹಚ್ಚಿ, ಮಿದುಳಿನ ಅಲೆಗಳನ್ನು ಪರದೆಯ ಮೇಲೆ ಗೆರೆಗಳಾಗಿ ನೋಡುತ್ತ, ಬೇಕಾದ ಅಲೆ ಹೆಚ್ಚಾದಾಗ ಸದ್ದನ್ನೋ ಆಟವನ್ನೋ ಬಹುಮಾನವಾಗಿ ಕೊಟ್ಟು ಆ ಅಲೆಗಳಿಗೆ ತರಬೇತಿ ಕೊಡುವುದೇ ನ್ಯೂರೋಫೀಡ್‌ಬ್ಯಾಕ್. ಇದರಿಂದ ಕುಡಿತ, ಮಾದಕ ವಸ್ತುಗಳ ಚಟ ಬಿಡಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಬರೆದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರು ಹಲವು ವರ್ಷಗಳಿಂದ ದಿನಾ ಕುಡಿಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ಗುಟುಕು ಹೋದ ಮೇಲೇ ನಿಲ್ಲುವುದು. 40 ಸೆಷನ್ ನ್ಯೂರೋಫೀಡ್‌ಬ್ಯಾಕ್ ಮಾಡಿಸಿದರೆ ಮಾತ್ರೆಯೇ ಬೇಡ, ಇವತ್ತೇ ಕುಡಿತ ನಿಲ್ಲಿಸಿ ನಾಳೆ ಬನ್ನಿ ಎಂದು ಒಂದು ಕೇಂದ್ರದವರು ಹೇಳಿದ್ದಾರೆ. ಕರೆದುಕೊಂಡು ಹೋಗಲೇ?

ಉತ್ತರ: ನಾಳೆ ಬೇಡ. ಹಠಾತ್ತನೆ ನಿಲ್ಲಿಸುವುದಂತೂ ಬೇಡವೇ ಬೇಡ.

ಬೆಳಗಿನ ಕೈನಡುಕ, ಕುಡಿದರೆ ಅದು ನಿಲ್ಲುವುದು, ಇವೆರಡೂ ದೇಹ ಮದ್ಯಕ್ಕೆ ಒಗ್ಗಿಹೋಗಿರುವುದರ ಗುರುತು. ಇಂಥವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 8 ಗಂಟೆಯೊಳಗೆ ಬೆವರು, ನಡುಕ, ಎದೆಬಡಿತ ಶುರುವಾಗುತ್ತದೆ. 6ರಿಂದ 48 ಗಂಟೆಯ ನಡುವೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ, ಜ್ವರ ಬರುತ್ತದೆ, ರಕ್ತದೊತ್ತಡ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಈ ಹಂತವನ್ನು ದಾಟಿಸುವುದು ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಲೋರಾಜೆಪಾಮ್‌ನಂಥ ಔಷಧಗಳು. ವೈದ್ಯರು ಅವನ್ನು ಶುರುವಿನಲ್ಲಿ ಹೆಚ್ಚಾಗಿ ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರುತ್ತಾರೆ, ಜೊತೆಗೆ ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಇರುತ್ತದೆ. ಯಾವ ಮಿದುಳಿನ ತರಬೇತಿಯೂ ಈ ಕೆಲಸ ಮಾಡಲಾರದು.

ಆ ದಿನಗಳಲ್ಲಿ ತರಬೇತಿ ಕೊಟ್ಟರೂ ವ್ಯರ್ಥವೇ. ನಡುಕದಿಂದ ತಂತಿಗಳು ಅಲುಗುತ್ತವೆ, ಬೆವರಿನಿಂದ ಗೆರೆಗಳು ಮೇಲೆ ಕೆಳಗೆ ತೇಲುತ್ತವೆ, ಮೇಲೆ ಹೇಳಿದ ಮಾತ್ರೆಗಳೇ ಮಿದುಳಿನ ಬೀಟಾ ಎಂಬ ಚುರುಕಾದ ಅಲೆಗಳನ್ನು ಹೆಚ್ಚಿಸಿರುತ್ತವೆ. ನಡುಕ ಪೂರ್ತಿ ನಿಂತು, ನಿದ್ದೆ ಸ್ವಲ್ಪ ಸರಿಹೋಗಿ, ಅರ್ಧ ಗಂಟೆ ಒಂದೆಡೆ ಕೂರಲು ಆಗುವವರೆಗೆ ಕಾಯಬೇಕು.

ಇನ್ನು "ಮಾತ್ರೆಯೇ ಬೇಡ" ಎಂಬ ಮಾತು. ಕುಡಿತ ಮರುಕಳಿಸದಂತೆ ತಡೆಯಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಎಂಬ ಮೂರು ಔಷಧಗಳು ಬಹುಕಾಲದಿಂದ ಬಳಕೆಯಲ್ಲಿವೆ. ಮೊದಲ ಎರಡಕ್ಕೆ ನ್ಯೂರೋಫೀಡ್‌ಬ್ಯಾಕ್‌ಗಿಂತ ಎಷ್ಟೋ ಗಟ್ಟಿ ಪುರಾವೆ ಇದೆ. ಇದ್ದುದರಲ್ಲಿ ಬಲವಾದುದನ್ನು ಬಿಡಿಸಿ ದುರ್ಬಲವಾದುದನ್ನು ಹಿಡಿಸುವವರ ಬಳಿ ಎಚ್ಚರದಿಂದಿರಿ. (ಡೈಸಲ್ಫಿರಾಮ್ ಮಾತ್ರೆಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಆಗಿರಬೇಕು, ತಿನ್ನುವವರಿಗೆ ಅದು ಗೊತ್ತಿರಬೇಕು. ಇಲ್ಲದಿದ್ದರೆ ಹೃದಯಕ್ಕೆ ಹೊಡೆತ ಬೀಳಬಹುದು.)

ಮೊದಲು ಮನೋವೈದ್ಯರು, ಮದ್ಯದಿಂದ ಸುರಕ್ಷಿತವಾಗಿ ಹೊರಬರುವುದು, ಆಮೇಲೆ ಮಾತ್ರೆ ಮತ್ತು ಆಪ್ತಸಮಾಲೋಚನೆ. ಅದರ ಮೇಲೆ ನ್ಯೂರೋಫೀಡ್‌ಬ್ಯಾಕ್ ಸೇರಿಸುವ ಆಸೆ ಇದ್ದರೆ ಸೇರಿಸಿ.

ಪ್ರಶ್ನೆ: ತಲೆಗೆ ತಂತಿ ಹಚ್ಚುತ್ತಾರಲ್ಲ, ಕರೆಂಟ್ ಕೊಡುತ್ತಾರೆಯೇ?

ಉತ್ತರ: ಇಲ್ಲ. ತಂತಿ ಮಿದುಳಿನಿಂದ ಬರುವ ಸಂಕೇತವನ್ನು ಓದುತ್ತದೆ ಅಷ್ಟೆ, ಒಳಕ್ಕೆ ಏನನ್ನೂ ಕಳಿಸುವುದಿಲ್ಲ. ಆ ಸಂಕೇತ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಹತ್ತು ಭಾಗ. ಕನ್ನಡಿ ಮುಖದ ಮಸಿ ತೋರಿಸುತ್ತದೆ, ಒರೆಸಿಕೊಳ್ಳುವುದು ನಮ್ಮ ಕೈ, ಇಲ್ಲೂ ಹಾಗೆಯೇ. ತಲೆಯ ಮೇಲೆ ಸುರುಳಿಯಿಟ್ಟು ಕಾಂತೀಯ ಮಿಡಿತ ಕೊಡುವ ಟಿಎಂಎಸ್ ಬೇರೆ ಚಿಕಿತ್ಸೆ. ಅದರ ಒಂದು ಬಗೆಗೆ ಸಿಗರೇಟು ಬಿಡಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅನುಮತಿ ಕೊಟ್ಟಿದೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಪ್ರಶ್ನೆ: ಮುಂದಿನ ವಾರದಿಂದ ನನಗೆ ಸೆಷನ್ ಶುರು. ಏನೇನು ಮಾಡುತ್ತಾರೆ, ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ಗೊತ್ತಾಗುವುದು ಹೇಗೆ?

ಉತ್ತರ: ಹಿಂದಿನ ರಾತ್ರಿ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ಎರಡು ಮೂರು ಗಂಟೆ ಮೊದಲಿನಿಂದ ಕಾಫಿ, ಚಹಾ, ಸಿಗರೇಟು ಬೇಡ. ಕೆಫೀನ್, ನಿಕೋಟಿನ್ ಎರಡೂ ಅಲೆಗಳ ಚಿತ್ರವನ್ನು ಬದಲಿಸುತ್ತವೆ. ಬಿಡಲು ಆಗದಿದ್ದರೆ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ, ಒಂದೇ ಹೊತ್ತಿಗೆ ಕುಡಿದು ಹೋಗಿ. ಕನಿಷ್ಠ ಹೋಲಿಸಿ ನೋಡಲಾದರೂ ಆಗುತ್ತದೆ.

ಮೊದಲ ಕೆಲಸ ಅಳತೆ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂಬದಿಯ ಮೂಳೆಯ ಉಬ್ಬಿನವರೆಗೆ ಟೇಪು ಹಿಡಿಯುತ್ತಾರೆ. ಆ ಉದ್ದ 36 ಸೆಂಟಿಮೀಟರ್ ಇದ್ದರೆ ನಟ್ಟನಡುವಿನ 18ನೆಯ ಸೆಂಟಿಮೀಟರ್ 'ಸಿಜ಼ೆಡ್'. ಅಲ್ಲಿಂದ ಹಿಂದಕ್ಕೆ ಒಟ್ಟು ಉದ್ದದ ಶೇ 20, ಅಂದರೆ 7.2 ಸೆಂಟಿಮೀಟರ್ ಹೋದರೆ 'ಪಿಜ಼ೆಡ್'. ಟೇಪು ಹಿಡಿಯದೆ ಕಣ್ಣಂದಾಜಿನಲ್ಲೇ ಎಲೆಕ್ಟ್ರೋಡ್ (ತಂತಿಯ ತುದಿಯ ಲೋಹದ ಬಿಲ್ಲೆ) ಅಂಟಿಸುವವರು ಇಂದು ಒಂದು ಜಾಗ, ನಾಳೆ ಇನ್ನೊಂದು ಜಾಗಕ್ಕೆ ತರಬೇತಿ ಕೊಡುತ್ತಿರುತ್ತಾರೆ.

ಗುರುತು ಮಾಡಿದ ಕಡೆ ಕೂದಲು ಸರಿಸಿ, ಮರಳುಮರಳಾದ ಜೆಲ್‌ನಿಂದ ಚರ್ಮವನ್ನು ಹಗುರವಾಗಿ ಉಜ್ಜಿ, ಪೇಸ್ಟ್ ತುಂಬಿದ ಬಟ್ಟಲಿನಂಥ ಎಲೆಕ್ಟ್ರೋಡ್ ಒತ್ತುತ್ತಾರೆ. ಎರಡು ಕಿವಿಯ ಹಾಲೆಗಳಿಗೆ ಕ್ಲಿಪ್ಪು: ಒಂದು ಹೋಲಿಕೆಗೆ, ಇನ್ನೊಂದು ಗ್ರೌಂಡ್. ಆಮೇಲೆ ಇಂಪೀಡೆನ್ಸ್, ಅಂದರೆ ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ, ನೋಡಬೇಕು. 5 ಕಿಲೋ ಓಮ್‌ಗಿಂತ ಕಡಿಮೆ ಇರಬೇಕು. ಹೊಸ ಆಂಪ್ಲಿಫೈಯರುಗಳು 10ರವರೆಗೂ ಸಹಿಸುತ್ತವೆ. "ಎಷ್ಟು ಬಂತು?" ಎಂದು ಕೇಳಿ. ಉತ್ತರ ಒಂದು ಸಂಖ್ಯೆಯಾಗಿರಬೇಕು.

ಚಟದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡು ಹಂತ. ಮೊದಲ 10ರಿಂದ 20 ಸೆಷನ್ ಕಣ್ಣು ತೆರೆದು. (ಮುಂದೆ ಬರುವ ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬ ಎಣಿಕೆ.) ನೆತ್ತಿಯ ಅಕ್ಕಪಕ್ಕದ ಜಾಗಗಳಲ್ಲಿ 12ರಿಂದ 15 ಹರ್ಟ್ಜ್‌ನ ಎಸ್‌ಎಂಆರ್ ಅಲೆ (ಮೈ ಅಲುಗಿಸದೆ ಎಚ್ಚರವಿದ್ದಾಗ ಕಾಣುವುದು) ಅಥವಾ 15ರಿಂದ 18 ಹರ್ಟ್ಜ್‌ನ ಬೀಟಾ ಹೆಚ್ಚಾದಾಗ ಪರದೆಯ ಆಟ ಮುಂದೆ ಸಾಗುತ್ತದೆ. 4ರಿಂದ 7ರ ನಿಧಾನದ ಥೀಟಾ ಅಥವಾ 22ರಿಂದ 30ರ ವೇಗದ ಬೀಟಾ ಹೆಚ್ಚಾದರೆ ಆಟ ನಿಲ್ಲುತ್ತದೆ. ಗಮನ ನಿಲ್ಲಿಸುವುದು, ದುಡುಕು ತಡೆಯುವುದು ಇದರ ಗುರಿ. ಎರಡನೆಯ ಹಂತ ಆಲ್ಫಾ-ಥೀಟಾ. ಒರಗು ಕುರ್ಚಿ, ಮಂದ ಬೆಳಕು, ಮುಚ್ಚಿದ ಕಣ್ಣು, ಪಿಜ಼ೆಡ್‌ನಲ್ಲೋ ಹಿಂದಲೆಯಲ್ಲೋ ಒಂದು ಎಲೆಕ್ಟ್ರೋಡ್, ಕಿವಿಗೆ ಎರಡು ಬಗೆಯ ನಾದ. 8ರಿಂದ 12ರ ಆಲ್ಫಾ ಏರಿದರೆ ಒಂದು, 4ರಿಂದ 8ರ ಥೀಟಾ ಏರಿದರೆ ಇನ್ನೊಂದು. ಎಚ್ಚರ ಮತ್ತು ನಿದ್ದೆಯ ನಡುವಣ ಗಡಿಯಲ್ಲಿ ಥೀಟಾ ಆಲ್ಫಾವನ್ನು ಮೀರುವ ಹೊತ್ತೊಂದು ಬರುತ್ತದೆ. ಅಲ್ಲಿ ಜಾರಿಬೀಳದೆ ಇರುವುದೇ ಅಭ್ಯಾಸ.

ಒಂದು ಸೆಷನ್ ಎಂದರೆ ಅಂಟಿಸಲು 10–15 ನಿಮಿಷ, ತರಬೇತಿ 20–30 ನಿಮಿಷ, ಕೊನೆಗೆ ಮಾತುಕತೆ 10 ನಿಮಿಷ. ವಾರಕ್ಕೆ ಎರಡು ಮೂರು. ಒಳರೋಗಿಯಾಗಿದ್ದರೆ ದಿನವೂ ಮಾಡಬಹುದು.

ನೀವು ಗಮನಿಸಬೇಕಾದ ಇನ್ನೊಂದು ವಿಷಯ ಬಹುಮಾನದ ಮಿತಿ. ಒಟ್ಟು ಸಮಯದ ಶೇ 60ರಿಂದ 80ರಷ್ಟು ಹೊತ್ತು ಬಹುಮಾನದ ಸದ್ದು ಸಿಗುವಂತೆ ಅದನ್ನು ಇಡುತ್ತಾರೆ. ಶೇ 95 ಆದರೆ ಮಿದುಳು ಕಲಿಯಲು ಏನೂ ಉಳಿಯುವುದಿಲ್ಲ, ಶೇ 25 ಆದರೆ ಬೇಸತ್ತು ಬಿಡುತ್ತೀರಿ. ಇಲ್ಲೊಂದು ಬಲೆ ಇದೆ. ಕೆಲವು ಸಾಫ್ಟ್‌ವೇರುಗಳು ಮಿತಿಯನ್ನು ತಾವೇ ಪ್ರತಿ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಹೊಂದಿಸುತ್ತವೆ. ನಿಮ್ಮ ಅಲೆ ಕುಗ್ಗಿದರೆ ಮಿತಿಯೂ ಕುಗ್ಗುತ್ತದೆ, ಅಂಕ ಮಾತ್ರ ಮೊದಲಿನಷ್ಟೇ. ಹಾಗಾಗಿ ಅಂಕ ಕೇಳಬೇಡಿ, "ಮೊದಲ ಸೆಷನ್ನಿನಲ್ಲಿ ಎಷ್ಟು ಮೈಕ್ರೋವೋಲ್ಟ್ ಇತ್ತು, ಈಗ ಎಷ್ಟು?" ಎಂದು ಕೇಳಿ.

ಪ್ರಶ್ನೆ: ಶೇ 80ರಷ್ಟು ಜನ ಪೂರ್ತಿ ಗುಣವಾಗಿದ್ದಾರೆ ಎಂದು ಕರಪತ್ರದಲ್ಲಿ ಓದಿದೆ. ಈ ಲೆಕ್ಕ ಎಲ್ಲಿಂದ ಬಂತು? ನಂಬಬಹುದೇ?

ಉತ್ತರ: ಆ ಲೆಕ್ಕ ಸುಳ್ಳಲ್ಲ, ಆದರೆ ಹತ್ತು ಜನರದ್ದು.

1989ರಲ್ಲಿ ಯೂಜೀನ್ ಪೆನಿಸ್ಟನ್ ಮತ್ತು ಪಾಲ್ ಕುಲ್ಕೋಸ್ಕಿ ಅಮೆರಿಕದ ಕೊಲೊರಾಡೋದ ಫೋರ್ಟ್ ಲಯನ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಡೆಸಿದ ಅಧ್ಯಯನ ಪ್ರಕಟಿಸಿದರು. ಹತ್ತು ಜನ ಮದ್ಯವ್ಯಸನಿಗಳಿಗೆ ಆಲ್ಫಾ-ಥೀಟಾ ತರಬೇತಿ, ಹತ್ತು ಜನ ವ್ಯಸನಿಗಳಿಗೆ ಮಾಮೂಲಿ ಚಿಕಿತ್ಸೆ, ವ್ಯಸನವಿಲ್ಲದ ಹತ್ತು ಜನ ಹೋಲಿಕೆಗೆ. ಮೊದಲು ಬೆರಳಿನ ಉಷ್ಣಾಂಶ ಏರಿಸುವ ಎಂಟು ಸೆಷನ್; 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕೈ ಬೆಚ್ಚಗಾಗುವುದು ಮೈ ಸಡಿಲಾದ ಸೂಚನೆ. ಆಮೇಲೆ 30 ನಿಮಿಷಗಳ 15 ಆಲ್ಫಾ-ಥೀಟಾ ಸೆಷನ್. 13 ತಿಂಗಳ ಮೇಲೆ ನೋಡಿದಾಗ ತರಬೇತಿ ಪಡೆದ ಹತ್ತರಲ್ಲಿ ಎಂಟು ಜನ ಕುಡಿತ ಬಿಟ್ಟೇ ಇದ್ದರು. ಮಾಮೂಲಿ ಚಿಕಿತ್ಸೆಯವರ ರಕ್ತದಲ್ಲಿ ಬೀಟಾ-ಎಂಡಾರ್ಫಿನ್ (ಒತ್ತಡವಾದಾಗ ದೇಹ ತಾನೇ ಬಿಡುವ ರಾಸಾಯನಿಕ) ಏರಿತ್ತು, ತರಬೇತಿಯವರಲ್ಲಿ ಏರಿರಲಿಲ್ಲ; ಅದನ್ನು ಒತ್ತಡ ತಗ್ಗಿದ ಗುರುತೆಂದು ಅವರು ಓದಿದರು.

ಕೇಳಲು ಬೆರಗು ಹುಟ್ಟಿಸುವ ಫಲಿತಾಂಶ. ಆದರೆ ಆ ಹತ್ತು ಜನಕ್ಕೆ ಸಿಕ್ಕಿದ್ದು ಅಲೆಗಳ ತರಬೇತಿ ಮಾತ್ರವಲ್ಲ. ಕೈ ಬೆಚ್ಚಗಾಗಿಸುವ ಅಭ್ಯಾಸ, ಮದ್ಯವನ್ನು ನಿರಾಕರಿಸುತ್ತಿರುವಂತೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಪಾಠ, ಚಿಕಿತ್ಸಕರ ಜೊತೆ ಕಳೆದ ಹೆಚ್ಚಿನ ಸಮಯ, ಎಲ್ಲವೂ ಇದ್ದವು. ಫಲ ಯಾವುದರದ್ದೆಂದು ಬಿಡಿಸುವುದು ಹೇಗೆ? 1998ರಲ್ಲಿ ಗ್ರಾಪ್ ಮತ್ತು ಫ್ರೀಡಿಸ್ ಈ ಗುಂಪಿನ ಬರಹಗಳನ್ನು ಪರಿಶೀಲಿಸಿ, ಬೇರೆಬೇರೆ ಪ್ರಬಂಧಗಳಲ್ಲಿರುವ ರೋಗಿಗಳು ಬೇರೆಬೇರೆಯವರೇ ಎಂಬ ಪ್ರಶ್ನೆಯನ್ನೂ ಎತ್ತಿದರು.

2005ರ ಸ್ಕಾಟ್, ಕೈಸರ್, ಆತ್‌ಮರ್, ಸೈಡರಾಫ್ ಅವರ ಅಧ್ಯಯನ ಇದಕ್ಕಿಂತ ದೊಡ್ಡದು. ಲಾಸ್ ಏಂಜಲೀಸ್‌ನ ವಸತಿ ಪುನರ್ವಸತಿ ಕೇಂದ್ರವೊಂದರಲ್ಲಿ 121 ಜನ, ಬೇರೆಬೇರೆ ಮಾದಕ ವಸ್ತುಗಳ ಚಟದವರು. ಒಂದು ಗುಂಪಿಗೆ 40ರಿಂದ 50 ಸೆಷನ್, ಇನ್ನೊಂದಕ್ಕೆ ಅಷ್ಟೇ ಹೊತ್ತಿನ ಹೆಚ್ಚುವರಿ ಮಾಮೂಲಿ ಚಿಕಿತ್ಸೆ. ತರಬೇತಿಯವರು ಕೇಂದ್ರದಲ್ಲಿ ಹೆಚ್ಚು ಕಾಲ ಉಳಿದರು. ಚಟದ ಚಿಕಿತ್ಸೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಕಾರ್ಯಕ್ರಮ ಮುಗಿಸಿದವರಲ್ಲಿ 12 ತಿಂಗಳಿಗೆ ಶೇ 77 ಜನ ಚಟದಿಂದ ದೂರವಿದ್ದರು, ಹೋಲಿಕೆ ಗುಂಪಿನಲ್ಲಿ ಶೇ 44. 'ಮುಗಿಸಿದವರಲ್ಲಿ' ಎಂಬ ಷರತ್ತನ್ನು ಕರಪತ್ರಗಳು ನುಂಗಿಬಿಡುತ್ತವೆ. ಮಧ್ಯದಲ್ಲೇ ಬಿಟ್ಟುಹೋದವರು ಲೆಕ್ಕಕ್ಕೆ ಸೇರಿದರೆ ಶೇಕಡಾವಾರು ಇಳಿಯುತ್ತದೆ. ಮೇಲಾಗಿ ಯಾರಿಗೆ ಏನು ಸಿಗುತ್ತಿದೆ ಎಂಬುದು ರೋಗಿಗೂ ಗೊತ್ತಿತ್ತು, ಚಿಕಿತ್ಸಕರಿಗೂ ಗೊತ್ತಿತ್ತು.

ಇದು ಯಾಕೆ ಮುಖ್ಯ ಎಂಬುದಕ್ಕೆ ಪಕ್ಕದ ಕ್ಷೇತ್ರ ನೋಡಿ. ಗಮನದ ಕೊರತೆಯಿರುವ 144 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳಿಗಿಂತ ಕಡಿಮೆ ಮಂದಿಗೆ ಹುಸಿ ನ್ಯೂರೋಫೀಡ್‌ಬ್ಯಾಕ್ ಕೊಟ್ಟರು: ಪರದೆ ಓಡುತ್ತದೆ, ಆದರೆ ಅದು ಆ ಮಗುವಿನ ಅಲೆಗಳಿಗೆ ತಕ್ಕಂತೆ ಓಡುತ್ತಿರಲಿಲ್ಲ. ಎರಡೂ ಗುಂಪುಗಳು ಚೆನ್ನಾಗಿ ಸುಧಾರಿಸಿದವು. ಮುಖ್ಯ ಅಳತೆಯಲ್ಲಿ ಅವುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ನಿದ್ರಾಹೀನತೆಯ ಮೇಲೆ 2017ರಲ್ಲಿ ಬಂದ ಅಧ್ಯಯನದ ಕಥೆಯೂ ಅದೇ. ಸುಧಾರಣೆ ನಿಜ, ಆದರೆ ಅದು ಅಲೆಗಳಿಂದ ಬಂದದ್ದಲ್ಲ. ನಿಯಮಿತವಾಗಿ ಬರುವುದು, ಕೂರುವುದು, ನಂಬುವುದು, ಒಬ್ಬರು ನಮ್ಮನ್ನು ಗಮನಿಸುವುದು, ಇವುಗಳಿಂದ. ಚಟದ ಕ್ಷೇತ್ರದ ಬಹುಪಾಲು ಅಧ್ಯಯನಗಳು ಈ ಒರೆಗಲ್ಲಿಗೆ ತಿಕ್ಕಿಸಿಕೊಂಡಿಲ್ಲ.

2008ರಲ್ಲಿ ಸೊಖಾಡ್ಜೆ, ಕ್ಯಾನನ್, ಟ್ರೂಡೋ ಅವರ ವಿಮರ್ಶೆ ಆಲ್ಫಾ-ಥೀಟಾ ತರಬೇತಿಯನ್ನು 'ಬಹುಶಃ ಪರಿಣಾಮಕಾರಿ' ಎಂಬ ದರ್ಜೆಗೆ ಸೇರಿಸಿತು. ಅದೂ ಪುನರ್ವಸತಿ ಚಿಕಿತ್ಸೆಯ ಜೊತೆಗೆ ಕೊಟ್ಟಾಗ. ನಮ್ಮ ಅಭಿಪ್ರಾಯವೂ ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಪ್ರಶ್ನೆ: ನಾನು ಪುನರ್ವಸತಿ ಕೇಂದ್ರದಲ್ಲಿ ಆಪ್ತಸಮಾಲೋಚಕ, ಈಚೆಗೆ ನ್ಯೂರೋಫೀಡ್‌ಬ್ಯಾಕ್ ಕಲಿತಿದ್ದೇನೆ. ಒಬ್ಬರಿಗೆ ಬೀಟಾ ತರಬೇತಿ ಕೊಡುತ್ತಿದ್ದೇನೆ. ಅಂಕ ವಾರವಾರವೂ ಏರುತ್ತಿದೆ, ಆದರೆ ಅವರಿಗೆ ಸಿಡುಕು ಹೆಚ್ಚಿದೆ, ನಿದ್ದೆ ಕೆಟ್ಟಿದೆ, ಸಂಜೆಯಾದರೆ ತಲೆನೋವು. ಎಲ್ಲಿ ತಪ್ಪುತ್ತಿದೆ?

ಉತ್ತರ: ಬಹುಮಟ್ಟಿಗೆ ನೀವು ತರಬೇತಿ ಕೊಡುತ್ತಿರುವುದು ದವಡೆಗೆ.

ಕಣತಲೆಯ ಸ್ನಾಯು, ಹಣೆ, ಕುತ್ತಿಗೆ ಬಿಗಿದಾಗ ಹೊಮ್ಮುವ ವಿದ್ಯುತ್ತು ಸುಮಾರು 15–20 ಹರ್ಟ್ಜ್‌ನಿಂದ ಮೇಲಕ್ಕೆ ಹರಡಿಕೊಂಡಿರುತ್ತದೆ, ಮಿದುಳಿನ ಬೀಟಾಕ್ಕಿಂತ ಎಷ್ಟೋ ಪಟ್ಟು ಬಲವಾಗಿಯೂ ಇರುತ್ತದೆ. ಹಲ್ಲು ಕಚ್ಚಿದರೆ ಆಟ ಮುಂದೆ ಸಾಗುತ್ತದೆ ಎಂಬುದನ್ನು ಮನುಷ್ಯ ತನಗೇ ತಿಳಿಯದೆ ಬಹಳ ಬೇಗ ಕಲಿಯುತ್ತಾನೆ. ಅರ್ಧ ಗಂಟೆ ದವಡೆ ಬಿಗಿಹಿಡಿದರೆ ತಲೆನೋವು ಬಾರದಿರುತ್ತದೆಯೇ?

ಪರೀಕ್ಷೆ ಸುಲಭ. ಸೆಷನ್ನಿಗೆ ಮೊದಲು ಅವರಿಗೆ ಹಲ್ಲು ಕಚ್ಚಲು, ಹುಬ್ಬು ಏರಿಸಲು, ಕಣ್ಣು ಮಿಟುಕಿಸಲು, ಉಗುಳು ನುಂಗಲು ಒಂದೊಂದಾಗಿ ಹೇಳಿ, ಗೆರೆ ಹೇಗೆ ಬದಲಾಗುತ್ತದೆಂದು ಇಬ್ಬರೂ ನೋಡಿ. ಆಮೇಲೆ ಹಳೆಯ ಸೆಷನ್ನುಗಳ ರೆಕಾರ್ಡಿಂಗ್ ತೆಗೆದು 30 ಹರ್ಟ್ಜ್‌ನ ಆಚೆಯ ಭಾಗವನ್ನು ಪರಿಶೀಲಿಸಿ. 15–18ರ ಜೊತೆಜೊತೆಗೇ ಅದೂ ಏರಿದ್ದರೆ ಅದು ಸ್ನಾಯು. ತಲೆಯ ಹಿಂದೆ ಆಧಾರ ಕೊಡಿ, ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸಂದು ಇರಲಿ, ವೇಗದ ಬೀಟಾದ ತಡೆಮಿತಿಯನ್ನು ಬಿಗಿ ಮಾಡಿ. ಅಂಕ ಒಮ್ಮೆಲೇ ಕುಸಿಯುತ್ತದೆ. ಕುಸಿಯಲಿ, ನಿಜವಾದ ಮೊದಲ ಸೆಷನ್ ಅದೇ.

ಸ್ನಾಯು ಅಲ್ಲದಿದ್ದರೆ ಆಯ್ಕೆಯೇ ತಪ್ಪಿರಬಹುದು. ದೀರ್ಘಕಾಲ ಕುಡಿದವರಲ್ಲಿ ಆಲ್ಫಾ ಕಡಿಮೆ, ಬೀಟಾ ಹೆಚ್ಚು ಇರುವುದು ಹಳೆಯ, ಮತ್ತೆ ಮತ್ತೆ ಕಂಡುಬಂದ ಸಂಗತಿ. ಈಗಾಗಲೇ ಕೆರಳಿದ ಮಿದುಳಿಗೆ ಇನ್ನಷ್ಟು ಬೀಟಾ ಯಾಕೆ? ಬೀಟಾ ನಿಲ್ಲಿಸಿ, ಬಲಬದಿಯ 'ಸಿ4' ಜಾಗದಲ್ಲಿ 12–15ರ ಎಸ್‌ಎಂಆರ್‌ಗೆ ಬನ್ನಿ, ಸೆಷನ್ನನ್ನು 15 ನಿಮಿಷಕ್ಕೆ ಇಳಿಸಿ, ಎರಡು ಮೂರು ಸಲ ನಿದ್ದೆ ಹೇಗಾಯಿತೆಂದು ನೋಡಿ. ಡಯಾಜೆಪಾಮ್‌ನಂಥ ಮಾತ್ರೆ ಶುರುವಾಗಿದೆಯೇ, ಪ್ರಮಾಣ ಬದಲಾಗಿದೆಯೇ ಎಂದೂ ವಿಚಾರಿಸಿ. ಬೀಟಾ ಏರಲು ಅದೊಂದೇ ಸಾಕು.

ಇನ್ನು ಕೆಲವು ಸಾಮಾನ್ಯ ಕೇಡುಗಳನ್ನು ಇಲ್ಲೇ ಹೇಳಿಬಿಡುತ್ತೇವೆ. ಗೆರೆ ದಪ್ಪ ಪಟ್ಟಿಯಂತೆ ಕಂಡರೆ 50 ಅಥವಾ 60 ಹರ್ಟ್ಜ್‌ನ ಕರೆಂಟಿನ ಗುಂಯ್‌ಗುಟ್ಟುವಿಕೆ. ಗ್ರೌಂಡ್ ಕ್ಲಿಪ್ ಸಡಿಲವಾಗಿರುತ್ತದೆ ಅಥವಾ ಚಾರ್ಜರ್ ಪಕ್ಕದಲ್ಲೇ ತಂತಿ ಹಾದಿರುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಒಮ್ಮೊಮ್ಮೆ ಚಿಮ್ಮಿ ನಿಲ್ಲುವ ಒಂಟಿ ಏರಿಳಿತ ಒಣಗಿದ ಪೇಸ್ಟಿನದು. ಹಣೆಯ ಭಾಗದಲ್ಲಿ ಥೀಟಾ ಇಳಿಯಿತೆಂದು ಹಿಗ್ಗುವ ಮೊದಲು ರೋಗಿ ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದಾರೆಯೇ ನೋಡಿ: ಒಂದು ಮಿಟುಕು 100 ಮೈಕ್ರೋವೋಲ್ಟ್ ದಾಟಬಲ್ಲದು, ಅದು ಥೀಟಾದ ಲೆಕ್ಕಕ್ಕೇ ಬೀಳುತ್ತದೆ.

ಆಲ್ಫಾ-ಥೀಟಾ ಕೊಡುವಾಗ ಬೇರೊಂದು ಮೋಸ. ಥೀಟಾ ಆಲ್ಫಾವನ್ನು ಮೀರಿತು ಎಂದುಕೊಂಡಿರುತ್ತೀರಿ, ರೋಗಿ ನಿದ್ದೆ ಹೋಗಿರುತ್ತಾರೆ. ಆಲ್ಫಾ ಮಾಯವಾಗುವುದರ ಜೊತೆಗೆ 2–4 ಹರ್ಟ್ಜ್‌ನ ನಿಧಾನದ ಅಲೆ ಏರಿದರೆ, ಮುಚ್ಚಿದ ರೆಪ್ಪೆಯಡಿ ಕಣ್ಣು ಮೆಲ್ಲಗೆ ಹೊರಳಿದರೆ, ತಲೆ ಜೋತರೆ ಅದು ನಿದ್ದೆ. ಡೆಲ್ಟಾ ಎಂಬ ಆ ನಿಧಾನದ ಅಲೆಗೆ ಪ್ರತ್ಯೇಕ ಎಚ್ಚರಿಕೆಯ ಸದ್ದು ಇಡಿ, ಕುರ್ಚಿಯನ್ನು ಸ್ವಲ್ಪ ನೆಟ್ಟಗೆ ಮಾಡಿ, ಊಟದ ನಂತರದ ಹೊತ್ತು ಬಿಡಿ. ಎಸ್‌ಎಂಆರ್ ತರಬೇತಿಯಲ್ಲೂ ತೂಕಡಿಸಿದರೆ ಅಂಕ ಏರಬಹುದು. ಎರಡನೆಯ ಹಂತದ ನಿದ್ದೆಯಲ್ಲಿ ಕಾಣುವ ಕದಿರಿನಾಕಾರದ ಅಲೆಗಳ ಆವರ್ತನವೂ ಹೆಚ್ಚುಕಡಿಮೆ 12ರಿಂದ 15ರೊಳಗೇ. ಯಂತ್ರಕ್ಕೆ ವ್ಯತ್ಯಾಸ ತಿಳಿಯದು, ನಿಮಗೆ ತಿಳಿಯಬೇಕು.

ಪ್ರಶ್ನೆ: ಹೆರಾಯಿನ್ ಬಿಟ್ಟು ಬ್ಯುಪ್ರೆನಾರ್ಫಿನ್ ಮಾತ್ರೆಯಲ್ಲಿದ್ದೇನೆ. ಮಾತ್ರೆ ಅಲೆಗಳನ್ನು ಕೆಡಿಸುತ್ತದೆ, ಅದನ್ನು ಬಿಟ್ಟರೆ ಮಾತ್ರ ತರಬೇತಿ ಎನ್ನುತ್ತಾರೆ.

ಉತ್ತರ: ಮಾತ್ರೆ ಬಿಡಬೇಡಿ, ಕೇಂದ್ರ ಬಿಡಿ. ಹೆರಾಯಿನ್ ಬದಲಿಗೆ ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ತೆಗೆದುಕೊಳ್ಳುತ್ತಿರುವಷ್ಟು ಕಾಲ ಸಾವಿನ ಸಂಭವ ಗಣನೀಯವಾಗಿ ಕಡಿಮೆಯಿರುತ್ತದೆ. ನಿಲ್ಲಿಸಿದ ಮೇಲಿನ ಮೊದಲ ವಾರಗಳೇ ಅತಿ ಅಪಾಯದವು: ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅಲೆಗಳ ವಾದವೂ ನಿಲ್ಲುವುದಿಲ್ಲ. ಇರಾನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ 20 ಜನ ಅಫೀಮು ವರ್ಗದ ವ್ಯಸನಿಗಳಿದ್ದರು. ಅರ್ಧ ಜನಕ್ಕೆ 30 ಸೆಷನ್ ತರಬೇತಿ ಕೊಟ್ಟದ್ದು ಮಾತ್ರೆಯ ಜೊತೆಯಲ್ಲೇ. ಅವರ ಹಂಬಲ ಹೆಚ್ಚು ತಗ್ಗಿತು. ಪ್ರಮಾಣ ದಿನದಿನಕ್ಕೆ ಬದಲಾಗದೆ ಒಂದೇ ಸಮನಿದ್ದರೆ ತರಬೇತಿಗೆ ಅಡ್ಡಿಯಿಲ್ಲ. ಪ್ರಮಾಣ ಮೀರಿ ಉಸಿರು ಕುಗ್ಗಿದಾಗ ಕೊಡುವ ನಾಲಾಕ್ಸೋನ್ ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ಮಗನ ಮಿದುಳಿನ ಬಣ್ಣದ ನಕ್ಷೆ ತೆಗೆದು, ಅಲ್ಲಲ್ಲಿ ಕೆಂಪು ತೋರಿಸಿ, "ಇದು ವ್ಯಸನಿಯ ಮಿದುಳು" ಎಂದರು. ಅವನು ಕುಡಿದದ್ದು ಮೂರು ನಾಲ್ಕು ಸಲ ಇರಬಹುದು. ಹೆದರಿಕೆಯಾಗಿದೆ.

ಉತ್ತರ: ನಕ್ಷೆ ನೋಡಿ ವ್ಯಸನ ಹೇಳಲು ಬರುವುದಿಲ್ಲ. 19 ಎಲೆಕ್ಟ್ರೋಡುಗಳ ಅಳತೆಯನ್ನು ಆರೋಗ್ಯವಂತರ ದತ್ತಾಂಶದ ಜೊತೆ ಹೋಲಿಸಿ, ಸರಾಸರಿಯಿಂದ ಬಹಳ ದೂರವಿರುವ ಕಡೆಗೆ ಕೆಂಪೋ ನೀಲಿಯೋ ತುಂಬುತ್ತಾರೆ. 19 ಜಾಗ, ಐದು ಬಗೆಯ ಅಲೆ ಎಂದರೆ 95 ಅಳತೆ. 'ನೂರಕ್ಕೆ 95 ಜನರ ವ್ಯಾಪ್ತಿಯಿಂದ ಹೊರಗೆ' ಎಂಬ ಗೆರೆ ಎಳೆದರೆ, ಪೂರ್ತಿ ಆರೋಗ್ಯವಂತನ ತಲೆಯಲ್ಲೂ ಸರಾಸರಿ ಐದು ಕಡೆ ಬಣ್ಣ ಬರುವುದು ಬರೀ ಲೆಕ್ಕದ ಆಟ. ನಿದ್ದೆಗೆಟ್ಟಿದ್ದರೆ, ಆತಂಕದಿಂದ ಹಣೆ ಬಿಗಿದಿದ್ದರೆ ಇನ್ನಷ್ಟು.

ಮಿದುಳಿನ ಸಂಕೇತಕ್ಕೂ ವ್ಯಸನದ ಒಲವಿಗೂ ನಂಟೇ ಇಲ್ಲವೆಂದಲ್ಲ. ಹೆನ್ರಿ ಬೆಗ್ಲೈಟರ್ ಮತ್ತು ಸಂಗಡಿಗರು 1984ರಲ್ಲಿ, ಮದ್ಯವ್ಯಸನಿ ತಂದೆಯರ, ಇನ್ನೂ ಮದ್ಯ ಮುಟ್ಟದ 7ರಿಂದ 13 ವರ್ಷದ ಗಂಡುಮಕ್ಕಳಲ್ಲಿ ಪಿ300 ಎಂಬ ಅಲೆ (ಗಮನ ಸೆಳೆಯುವ ಸದ್ದು, ದೃಶ್ಯಕ್ಕೆ ಮಿದುಳು ಕೊಡುವ ಪ್ರತಿಕ್ರಿಯೆ) ಚಿಕ್ಕದಾಗಿರುವುದನ್ನು ಕಂಡರು. ಅದು ಗುಂಪುಗಳ ನಡುವಿನ ಸರಾಸರಿ ವ್ಯತ್ಯಾಸ. ನಿಮ್ಮ ಮಗನೊಬ್ಬನ ಬಗ್ಗೆ ಅದು ಏನನ್ನೂ ತೀರ್ಮಾನಿಸುವುದಿಲ್ಲ. ರೋಗನಿರ್ಣಯ ನಡೆಯುವುದು ಮಾತುಕತೆಯಿಂದ: ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿಯ 11 ಲಕ್ಷಣಗಳಲ್ಲಿ 12 ತಿಂಗಳೊಳಗೆ ಕನಿಷ್ಠ ಎರಡು ಇರಬೇಕು. ಎರಡು ಮೂರಿದ್ದರೆ ಸೌಮ್ಯ, ನಾಲ್ಕೈದು ಮಧ್ಯಮ, ಆರು ಅಥವಾ ಹೆಚ್ಚಿದ್ದರೆ ತೀವ್ರ. ಮಗನ ಜೊತೆ ಕೂತು ಮಾತಾಡಿ. ನಕ್ಷೆಯನ್ನು ಅವನ ಮುಂದೆ ಹಿಡಿಯಬೇಡಿ.

ಪ್ರಶ್ನೆ: ತಲೆಗೆ ಕಟ್ಟುವ ಪಟ್ಟಿ ಮತ್ತು ಮೊಬೈಲ್ ಆ್ಯಪ್‌ನಿಂದ ಮನೆಯಲ್ಲೇ ಮಾಡಿ ಸಿಗರೇಟು ಬಿಡಬಹುದೇ?

ಉತ್ತರ: ಒಂದು ಕಡೆ ಸುಮ್ಮನೆ ಕೂರುವ ಅಭ್ಯಾಸಕ್ಕೆ ನೆರವಾದೀತು. ಅಂಥ ಪಟ್ಟಿಗಳ ಒಣ ಎಲೆಕ್ಟ್ರೋಡುಗಳು ಹೆಚ್ಚಾಗಿ ಹಣೆಯ ಮೇಲೇ ಕೂರುತ್ತವೆ, ಕಣ್ಣುಮಿಟುಕು ಮತ್ತು ಹಣೆಯ ಸ್ನಾಯು ಎರಡೂ ಅಲ್ಲೇ ಜೋರು. ಸಿಗರೇಟಿಗೆ ಇದಕ್ಕಿಂತ ಖಚಿತ ದಾರಿಗಳಿವೆ: ನಿಕೋಟಿನ್ ಪ್ಯಾಚ್ ಜೊತೆಗೆ ಗಮ್, ಅಥವಾ ವೈದ್ಯರ ಸಲಹೆಯ ಮೇಲೆ ವರೆನಿಕ್ಲಿನ್. ವರೆನಿಕ್ಲಿನನ್ನು ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರುಮಾಡಿ 12 ವಾರ ತೆಗೆದುಕೊಳ್ಳುತ್ತಾರೆ. ಬಿಟ್ಟ ಮೊದಲ ಎರಡು ಮೂರು ದಿನ ಕಷ್ಟ ಅತಿ ಹೆಚ್ಚು. ಪಟ್ಟಿ ಆಗಲೇ ಕೊಂಡಿದ್ದರೆ ಆ ದಿನಗಳಲ್ಲಿ ಕಟ್ಟಿಕೊಂಡು ಕೂರಿ, ಪ್ಯಾಚ್ ಮಾತ್ರ ಕೀಳಬೇಡಿ.

ಪ್ರಶ್ನೆ: ಆಲ್ಫಾ-ಥೀಟಾದ ಆರನೆಯ ಸೆಷನ್ನಿನಲ್ಲಿ ಚಿಕ್ಕಂದಿನ ಕೆಟ್ಟ ಘಟನೆ ಕಣ್ಣಿಗೆ ಕಟ್ಟಿದಂತೆ ಬಂತು, ಅಳು ತಡೆಯಲಾಗಲಿಲ್ಲ. ಆ ರಾತ್ರಿ ಕುಡಿಯಬೇಕೆಂಬ ಆಸೆ ಜೋರಾಯಿತು. ಮತ್ತೆ ಹೋಗಲೇ?

ಉತ್ತರ: ಹೋಗಿ, ಆದರೆ ಮುಂದಿನ ಸಲ ಯಂತ್ರದ ಮುಂದೆ ಕೂರಲು ಅಲ್ಲ, ಮಾತಾಡಲು. ಆ ಗಡಿಯ ಸ್ಥಿತಿಯಲ್ಲಿ ಹಳೆಯ ನೆನಪುಗಳು ಮೇಲೆದ್ದು ಬರುವುದು ಈ ವಿಧಾನದಲ್ಲಿ ಹೊಸದಲ್ಲ. ಪೆನಿಸ್ಟನ್ 1991ರಲ್ಲಿ ಇದನ್ನು ವಿಯೆಟ್ನಾಂ ಯುದ್ಧದಿಂದ ಬಂದ ಆಘಾತಪೀಡಿತ ಸೈನಿಕರಿಗೆ ಬಳಸಿದ್ದೂ ಅದಕ್ಕೇ. ಹಾಗಾಗಿಯೇ ಇದನ್ನು ಬರೀ ಯಂತ್ರ ಬಲ್ಲವರು ಮಾಡಿಸಬಾರದು, ಮಾನಸಿಕ ಆಘಾತದ ಚಿಕಿತ್ಸೆ ಬಲ್ಲವರು ಮಾಡಿಸಬೇಕು. ಸೆಷನ್ ಮುಗಿದ ಮೇಲೆ ಐದು ಹತ್ತು ನಿಮಿಷ ಕಣ್ಣು ತೆರೆದು ಕೂರಿಸಿ, ನೀರು ಕೊಟ್ಟು, ಬಂದದ್ದೇನು ಎಂದು ಕೇಳಿದರೇ? ಕೇಳದೆ ಕಳಿಸಿದ್ದರೆ ತಪ್ಪು ಅವರದು.

ಎರಡು ಮೂರು ವಾರ ಆಲ್ಫಾ-ಥೀಟಾ ನಿಲ್ಲಿಸಿ, ಬೇಕಿದ್ದರೆ ಕಣ್ಣು ತೆರೆದ ಎಸ್‌ಎಂಆರ್‌ಗೆ ಮರಳಬಹುದು. ಸೆಷನ್ ಆದ ಕೂಡಲೇ ವಾಹನ ಓಡಿಸಬೇಡಿ, ಆ ಸಂಜೆ ಒಬ್ಬರೇ ಇರಬೇಡಿ. ಸಾಯುವ ಯೋಚನೆ ಬಂದರೆ ಕೂಡಲೇ ವೈದ್ಯರನ್ನು ಕಾಣಿ. ಕಿವಿಯಲ್ಲಿ ಮಾತು ಕೇಳಿಸುವಂಥ ಮನೋರೋಗ, ಉನ್ಮಾದದ ಹಂತ, ತನ್ನನ್ನು ತಾನೇ ಮರೆಯುವ ಲಕ್ಷಣ ಇರುವವರಿಗೆ ಆಲ್ಫಾ-ಥೀಟಾ ಕೊಡಬಾರದು.

ಪ್ರಶ್ನೆ: ತರಬೇತಿಯ ಮಧ್ಯೆ ಒಂದು ದಿನ ಕುಡಿದುಬಿಟ್ಟರೆ? ಅಷ್ಟು ದಿನದ್ದೂ ನೀರುಪಾಲೇ?

ಉತ್ತರ: ಮೊದಲು ವೈದ್ಯರಿಗೆ ತಿಳಿಸಿ, ಮುಚ್ಚಿಡಬೇಡಿ. ಕುಡಿದ ದಿನ, ಮಾರನೆಯ ದಿನ ಸೆಷನ್ ಬೇಡ. ಮೈಯಲ್ಲಿ ಮದ್ಯವಿದ್ದಾಗ ಆಲ್ಫಾ, ಥೀಟಾ ತಾವಾಗಿಯೇ ಏರಿರುತ್ತವೆ, ಇಳಿದಾಗ ಬೀಟಾ ಕೆರಳುತ್ತದೆ. ಆ ಅಲೆಗಳಿಗೆ ಬಹುಮಾನ ಕೊಟ್ಟರೆ ಕಲಿಯುವುದು ಏನನ್ನು? ಒಂದೇ ದಿನದ್ದಾದರೆ ಎರಡು ದಿನ ಬಿಟ್ಟು, ಉಸಿರಿನ ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆ ಮುಂದುವರಿಸಿ. ಹಲವು ದಿನ ಸತತವಾಗಿ ಕುಡಿದಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ಅಪಾಯಗಳೆಲ್ಲ ಮತ್ತೆ ಬಾಗಿಲಲ್ಲಿವೆ, ಆಸ್ಪತ್ರೆಗೇ ಹೋಗಬೇಕು.

ಒಂದು ಚೀಟಿಯಲ್ಲಿ ದಿನವೂ ಮೂರು ಸಂಗತಿ ಬರೆದಿಡಿ: ಕುಡಿಯುವ ಹಂಬಲಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ, ಮಲಗಿದ ಗಂಟೆಗಳು, ಕುಡಿದೆನೋ ಇಲ್ಲವೋ. ಪರದೆಯ ಅಂಕಕ್ಕಿಂತ ಈ ಚೀಟಿಗೆ ಬೆಲೆ ಹೆಚ್ಚು. 20 ಸೆಷನ್ ಮುಗಿದರೂ ಮೂರರಲ್ಲಿ ಒಂದೂ ಕದಲದಿದ್ದರೆ, ಸಂಕೇತ ಶುದ್ಧವಾಗಿಯೇ ಸಿಗುತ್ತಿತ್ತೆಂದು ಖಚಿತವಾದರೆ, ಉಳಿದವಕ್ಕೆ ಹಣ, ಸಮಯ ಸುರಿಯುವ ಅಗತ್ಯವಿಲ್ಲ. ಕದಲಿದ್ದರೆ, ಜಾರಿದ್ದಕ್ಕಾಗಿ ಎಣಿಕೆಯನ್ನು ಒಂದರಿಂದ ಮತ್ತೆ ಶುರುಮಾಡುವ ಶಿಕ್ಷೆ ಬೇಡ. 18ನೆಯದು ಆಗಿದ್ದರೆ ಮುಂದಿನದು 19ನೆಯದೇ.